ಕೊಸರಿನ ಹರಳು

ಪ್ರವಾಸಿಗರು ಹರಳು ಹುಡುಕಲು ಬರುವ ಆ ಶೆಡ್ಡಿನಲ್ಲಿ ಹರಳು ಬಚ್ಚಿಡುವುದೂ ಒಂದು ಕೆಲಸ. ಅಪ್ಪ ಇಪ್ಪತ್ತು ವರ್ಷ ಅದನ್ನೇ ಮಾಡಿದ್ದ. ಬಕೆಟ್ಟಿಗೆ ಹೊಳೆಯ ಜಲ್ಲಿಮಣ್ಣು ತುಂಬಿ, ಗೇಣಾಳಕ್ಕೆ ಕೈ ತೂರಿಸಿ, ಮೂರು ಕೆಂಪು, ಒಂದು ನೇರಳೆ ಹರಳು ಹುದುಗಿಸುತ್ತಿದ್ದ. ದುಡ್ಡು ಕೊಟ್ಟು ಬಕೆಟ್ ಕೊಂಡವರು ತೊಟ್ಟಿಯ ನೀರಿನಲ್ಲಿ ಜರಡಿ ಆಡಿಸಿ ಆಡಿಸಿ, 'ಇನ್ನು ಸಾಕಪ್ಪಾ' ಎನ್ನುವ ಹೊತ್ತಿಗೆ ಸರಿಯಾಗಿ ಅವು ಕಣ್ಣಿಗೆ ಬೀಳಬೇಕು. ಬರಿಗೈಲಿ ಯಾರೂ ಹೋಗಕೂಡದು. ಮಗಳು ಚಿಕ್ಕವಳಿದ್ದಾಗ ಅವಳ ಬಕೆಟ್ಟಿಗೆ ಮಾತ್ರ ಐದನೆಯದೊಂದು ಬೀಳುತ್ತಿತ್ತು. "ಇದು ಕೊಸರು ಕಣೇ, ಬಾಯಿ ಬಿಡಬೇಡ" ಎಂದು ಕಣ್ಣು ಮಿಟುಕಿಸುತ್ತಿದ್ದ.

ಅಪ್ಪ ಹೋಗಿ ಮೂರು ವಾರ. ಬಕೆಟ್ ತುಂಬುತ್ತಿದ್ದವನು ಅಲ್ಲೇ ಕುಸಿದಿದ್ದ. ಅವನು ತುಂಬಿದ ಕೊನೆಯ ಬಕೆಟ್ ಮೂಲೆಯಲ್ಲಿ ಗೋಣಿ ಹೊದ್ದು ಕೂತಿತ್ತು. ಈಗ ಅಪ್ಪನ ಜಾಗದಲ್ಲಿ ಮಗಳು. ಅವಳಿನ್ನೂ ಅತ್ತಿರಲಿಲ್ಲ. ಅಳು ಬರಲಿ ಎಂದು ಕನ್ನಡಿ ಮುಂದೆ ನಿಂತರೆ ಆಕಳಿಕೆ ಬಂದಿತ್ತು.

ಗಿರಾಕಿಗಳಿಗೆ ಸಿಕ್ಕ ಹರಳು ಗುರುತಿಸಿ ಹೇಳುವ ಮೇಜಿನಿಂದ ಸೋದರತ್ತೆ ಕೂಗಿದಳು. "ಏ ಮಂಕೇ, ಎರಡು ಬಸ್ ಜನ ಬಂದಿದಾರೆ. ಆ ಮೂಲೇದನ್ನೂ ಎತ್ಕೊಡು."

"ಅದು ಬೇಡ ಅತ್ತೆ."

"ಯಾಕೆ, ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?"

"ನಾನೇ ತೊಳೀತೀನಿ. ಅಪ್ಪ ಏನಾದ್ರೂ ಇಟ್ಟಿರಬಹುದು."

ಅತ್ತೆ ಅವಳ ಮುಖ ನೋಡಿದಳು. "ಬೇಗ ಮುಗಿಸು ಮತ್ತೆ."

ಅವಳು ತೊಟ್ಟಿಯ ಬಳಿ ನಿಂತಳು. ಪಕ್ಕದಲ್ಲಿ ಟೋಪಿಯವನೊಬ್ಬ ಜರಡಿ ಹಿಡಿಯುವುದು ಹೇಗೆಂದು ಹೆಂಡತಿಗೆ ಪಾಠ ಹೇಳುತ್ತಾ ಅರ್ಧ ಮಣ್ಣನ್ನು ತನ್ನ ಚಪ್ಪಲಿ ಮೇಲೇ ಸುರಿದುಕೊಂಡಿದ್ದ.

ಮೊದಲ ಜರಡಿಯಲ್ಲಿ ಬರೀ ಕಲ್ಲು. ಎರಡನೆಯದರಲ್ಲಿ ಒಂದು ಕೆಂಪು. ಮೂರನೆಯದರಲ್ಲಿ ಎರಡು ಕೆಂಪು, ಒಂದು ನೇರಳೆ. ಎಲ್ಲ ಇರಬೇಕಾದಲ್ಲೇ ಇದ್ದವು. ಬಕೆಟ್ಟಿನ ತಳದಲ್ಲಿ ಒಂದು ಬೊಗಸೆಯಷ್ಟು ಮಣ್ಣು ಉಳಿದಿತ್ತು. ಅದನ್ನವಳು ಎರಡು ಸಲ ತೊಳೆದಳು. ಕೊನೆಗೆ ತಳದ ಅಂಚನ್ನೂ ಉಗುರಿನಿಂದ ಕೆರೆದಳು. ಉಗುರಿಗೆ ಕೆಸರು ಸಿಕ್ಕಿತು.

ಗಿರಾಕಿಗಳ ಸಾಲಿನಲ್ಲೇ ನಿಂತು, ತನ್ನ ಸರದಿ ಬಂದಾಗ ಮೇಜಿನ ಮೇಲೆ ಅಂಗೈ ಬಿಚ್ಚಿದಳು. ಅತ್ತೆ ತಲೆಯೆತ್ತದೆ ಶುರುಮಾಡಿಬಿಟ್ಟಳು. "ಅಬ್ಬಬ್ಬಾ, ಏನು ಅದೃಷ್ಟ ನಿಮ್ಮದು! ಯಾವೂರಿಂದ ಬಂ..." ಕೈಯ ಗುರುತು ಹತ್ತಿ ಮಾತು ನಿಲ್ಲಿಸಿದಳು.

"ಏನಿತ್ತೇ?"

"ಎಲ್ಲರಿಗೂ ಇರೋದೇ."

ಅತ್ತೆಗೆ ಕೊಸರಿನ ವಿಷಯ ಗೊತ್ತಿರಲಿಲ್ಲ. ಹರಳುಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸಿದಳು. "ನೋಡು, ಕೊನೇ ಗಳಿಗೇಲೂ ಕೆಲಸ ಕೆಡಿಸ್ಲಿಲ್ಲ ನನ್ನ ತಮ್ಮ" ಎಂದು ಸೆರಗಿನಿಂದ ಮೂಗೊರೆಸಿಕೊಂಡಳು.

ಹೌದು, ಅದು ಗಿರಾಕಿಯ ಬಕೆಟ್ಟು. ಅಪ್ಪ ಗಿರಾಕಿಗೆಂದೇ ತುಂಬಿದ್ದ. ಅವಳಿಗೆ ಅಷ್ಟು ಅರ್ಥವಾಯಿತು. ಅದರಾಚೆ ಏನೂ ಆಗಲಿಲ್ಲ, ಅಳುವೂ ಬರಲಿಲ್ಲ.

ಅದೇ ನಾಲ್ಕು ಹರಳುಗಳನ್ನು ಹೊಸ ಬಕೆಟ್ಟಿನ ಮಣ್ಣಿನಲ್ಲಿ ಗೇಣಾಳಕ್ಕೆ ಹುದುಗಿಸಿ, ಮೇಲೆ ಸವರಿ, ಟೋಪಿಯವನ ಮುಂದಿಟ್ಟಳು.

"ಇದರಲ್ಲಿ ನಿಜವಾಗ್ಲೂ ಇರುತ್ತೇನಮ್ಮಾ?"

"ಇರುತ್ತೆ. ನಿಧಾನಕ್ಕೆ ತೊಳೀರಿ."