ಕೊಯ್ಯದೆ ಬಿಟ್ಟ ಜೊಂಡು

ಕಾಲುವೆಯ ಜೊಂಡು ಕೊಯ್ಯುವುದಕ್ಕೆ ಇಬ್ಬರು ಬೇಕು. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿಯುತ್ತಾನೆ. ಇನ್ನೊಬ್ಬ ಅದರ ತುದಿಯ ಕುಣಿಕೆಯನ್ನು ಮಣಿಕಟ್ಟಿಗೆ ಹಾಕಿಕೊಂಡು ದಡದಲ್ಲಿ ಕೂರುತ್ತಾನೆ. ಕೆಳಗಿನವನು ಮೂರು ಸಲ ಜಗ್ಗಿದರೆ ಮೇಲಿನವನು ಎಳೆಯಬೇಕು. ಅಷ್ಟೇ ವಿದ್ಯೆ. ಅಷ್ಟನ್ನೂ ತಮ್ಮ ಮಾಡಲಿಲ್ಲ.

ಮೂರು ವರ್ಷದ ಹಿಂದೆ, ಮನೆಯ ಹಿಂದಿನ ತಿರುವಿನಲ್ಲಿ ಅಣ್ಣ ನೀರಿಗಿಳಿದಿದ್ದಾಗ, ಈ ಮಹಾರಾಯ ಸೆಕೆಗೆ ಕುಣಿಕೆ ಬಿಚ್ಚಿ ಪಕ್ಕಕ್ಕಿಟ್ಟು ಒಂದು ಕೋಳಿನಿದ್ದೆ ತೆಗೆದ. ಎದ್ದಾಗ ಅಣ್ಣನೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ಹುಡುಕಲು ಬಂದವರು ಆ ಜೊಂಡಿನೊಳಗೆ ಇಳಿಯಲು ಹೆದರಿದರು, ಹೆಣ ಸಿಗಲಿಲ್ಲ. ಹಗ್ಗ ನಡುವೆ ತುಂಡಾಯಿತೆಂದು ಅತ್ತಿಗೆಗೆ ಶೆಡ್ಡಿನ ಹಳೇ ತುಂಡೊಂದನ್ನು ತೋರಿಸಿ, ಕುಣಿಕೆಯನ್ನು ಸಂಕಟಕ್ಕೆ ಕಿತ್ತು ಒಲೆಗೆ ಹಾಕಿದೆ ಎಂದ. ಅವಳು ನಂಬಿದಳು. ಎರಡು ಹೊತ್ತೂ ಬಡಿಸಿ, ಮನೆಯಲ್ಲೇ ಇಟ್ಟುಕೊಂಡಳು.

ಆ ತಿರುವಿಗೆ ಅವನು ಮತ್ತೆ ಕತ್ತಿ ಮುಟ್ಟಿಸಲಿಲ್ಲ. ಅಣ್ಣನ ಮೇಲಿನ ಪ್ರೀತಿ ಎಂದು ಜನ ಕಣ್ಣೊರೆಸಿಕೊಂಡರು. ಪ್ರೀತಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಜೊಂಡು ದಟ್ಟವಾದರೆ ನೀರಿನ ಓಟ ಕುಗ್ಗುತ್ತದೆ, ಓಟ ಕುಗ್ಗಿದರೆ ಹೂಳು ತಳ ಹಿಡಿಯುತ್ತದೆ. ವರ್ಷಕ್ಕೊಂದು ಮೊಳ ಹೂಳು ಎಲ್ಲೂ ತುಂಡಾಗದ ಆ ಹಗ್ಗದ ಮೇಲೆ ಕೂರಲಿ ಎಂಬುದು ಅವನ ಉಪಾಯ.

ಒಂದನ್ನು ಮರೆತಿದ್ದ. ಜೊಂಡು ತಡೆದ ನೀರು ಸುಮ್ಮನಿರುವುದಿಲ್ಲ. ಪಕ್ಕಕ್ಕೆ ಸರಿದು, ಇಕ್ಕಟ್ಟಿನಲ್ಲಿ ಜೋರಾಗಿ, ದಡದ ಬುಡವನ್ನೇ ಕೊರೆಯುತ್ತದೆ.

ಈ ಸಲ ಅದು ಅತ್ತಿಗೆ ಬಟ್ಟೆ ಒಗೆಯುವ ಮೆಟ್ಟಿಲಿನ ಬುಡಕ್ಕೆ ಬಂತು. ಮೊದಲು ಒಂದು ಕಲ್ಲು ಅಲುಗಿತು. ಆಮೇಲೆ ಅಡಿಯಿಂದ ಯಾರೋ ಉಗುರಲ್ಲಿ ಮಣ್ಣು ಕೆರೆಯುವ ಸದ್ದು, ಹಗಲೆಲ್ಲ.

"ಇಲಿ ಇರ್ಬೇಕು ಅತ್ತಿಗೆ."

"ನೀರೊಳಗೆ ಇಲೀನಾ?"

ಜೊಂಡಿನ ಎಲೆಗಳು ಹರಿವಿನ ಕಡೆ ಬಿಟ್ಟು ಮೆಟ್ಟಿಲ ಕಡೆಗೇ ವಾಲಿದ್ದವು. ಸುಳಿಯ ಕೆಲಸ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಆ ರಾತ್ರಿ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿಯೇ ಮಲಗಿದ.

ಮರುದಿನ ಮಧ್ಯಾಹ್ನ ಅತ್ತಿಗೆ ಮಾಮೂಲಿ ದನಿಯಲ್ಲೇ ಕರೆದಳು. "ಬಾಪ್ಪ ಇಲ್ಲಿ, ಇದೇನು ನೋಡು."

ಮೆಟ್ಟಿಲ ಕೆಳಗಿನ ಗುಂಡಿಯಿಂದ ಹಗ್ಗ ಹೊರಬಂದಿತ್ತು. ಅದರ ತುದಿ ಅವಳ ಕೈಯಲ್ಲಿತ್ತು. ತುಂಡಾದ ತುದಿಯಲ್ಲ, ಇಡೀ ಕುಣಿಕೆ, ಅದಕ್ಕೆ ಸುತ್ತಿದ ನೀಲಿ ಬಟ್ಟೆ. ಮೈದುನನ ಕೈ ತರಚದಿರಲಿ ಎಂದು ಅದನ್ನು ಹೊಲಿದವಳು ಅವಳೇ.

"ಅತ್ತಿಗೆ, ಅದು..."

"ಮಾತಾಡ್ಬೇಡ. ಕೈ ಕೊಡು." ಅವಳು ಅಳುತ್ತಿರಲಿಲ್ಲ.

ಕುಣಿಕೆಯನ್ನು ಅವನ ಮಣಿಕಟ್ಟಿಗೆ ತೂರಿಸಿ, ಹಿಂದೆ ಅಣ್ಣ ಬಿಗಿಯುತ್ತಿದ್ದ ಹಾಗೆಯೇ ಬಿಗಿದಳು. ಹಗ್ಗದ ಇನ್ನೊಂದು ತುದಿ ಜೊಂಡಿನ ಬುಡದ ಹೂಳಿನೊಳಗೆ ಹೋಗಿತ್ತು.

"ಬೆಳಿಗ್ಗೆಯಿಂದ ನಾನೇ ಹಿಡ್ಕೊಂಡಿದ್ದೆ. ನನ್ ಕೈಲಿ ಎಳೆಯೋಕೆ ಆಗ್ಲಿಲ್ಲ. ಅವರು ಕರೀತಿರೋದು ನಿನ್ನ."

ಜೊಂಡಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹಗ್ಗ ಮೆಲ್ಲಗೆ ಬಿಗಿಯಾಯಿತು. ಒಂದು ಸಲ ಜಗ್ಗಿತು. ಎರಡು ಸಲ. ಮೂರನೆಯದಕ್ಕೆ ಕಾಯದೆ ಅವನು ಅಳುತ್ತ ಎಳೆಯತೊಡಗಿದ. ಆ ಕಡೆಯವನೂ ಬಿಡಲಿಲ್ಲ.