ಸಿಕ್ಕಾರ್ರಿ, ಮನ್ಯಾಗ ಅದಾರ

ರಬಕವಿಯ ಆ ಓಣಿಯಲ್ಲಿ ಪ್ರಭುಲಿಂಗನಿಗೆ 'ನಂಬರ್ ಕೊಡದ ಪ್ರಭಣ್ಣ' ಎಂದೇ ಹೆಸರು ಬಿದ್ದಿತ್ತು. ಬನಹಟ್ಟಿಯ ಪಾತ್ರೆ ಅಂಗಡಿಯಲ್ಲಿ ಬಿಲ್ ಮಾಡುವ ಹುಡುಗಿ ಫೋನ್ ನಂಬರ್ ಕೇಳಿದಾಗ ಅವನು, "ನಾ ಒಯ್ಯೂದು ಒಂದು ಕುಕ್ಕರ್. ಅದಕ್ಕ ನನ್ನ ನಂಬರ್ ಯಾಕ ಬೇಕವಾ?" ಎಂದಿದ್ದ. ನಂಬರ್ ಹಾಕದಿದ್ದರೆ ಬಿಲ್ ಬರುವುದಿಲ್ಲ ಎಂದು ಅವಳು ಹೇಳಿದಾಗ ಕುಕ್ಕರನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದಿದ್ದ. ಆ ಸಂಗತಿ ಓಣಿಯಲ್ಲಿ ಒಂದು ವಾರ ಓಡಾಡಿತು.

ಹಾಗಂತ ಅವನೇನು ಕಂಪ್ಯೂಟರ್ ಕಾಣದವನಲ್ಲ. ಹುಬ್ಬಳ್ಳಿಯ ಒಂದು ದೊಡ್ಡ ಕಚೇರಿಯಲ್ಲಿ ಮೂವತ್ತೊಂದು ವರ್ಷ ಪ್ರೋಗ್ರಾಮರ್ ಆಗಿದ್ದವನು. ಸಾವಿರಾರು ನೌಕರರ ಪಗಾರ, ರಜೆ, ಬಡ್ತಿ ಎಲ್ಲ ಅವನು ಬರೆದ ಪ್ರೋಗ್ರಾಮಿನಲ್ಲೇ ನಡೆಯುತ್ತಿದ್ದವು. ಯಾರು ಯಾವ ಕಾಯಿಲೆಗೆ ರಜೆ ಹಾಕಿದ್ದಾರೆ, ಯಾರು ಪಿಂಚಣಿಗೆ ಹೆಂಡತಿಯ ಹೆಸರು ಬಿಟ್ಟು ಬೇರೊಬ್ಬಳ ಹೆಸರು ಬರೆಸಿದ್ದಾರೆ ಎಂಬುದೆಲ್ಲ ಅವನ ಕಣ್ಣಮುಂದೆ ಹಾದು ಹೋಗುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅವೇ ಸಂಗತಿಗಳು ಕ್ಯಾಂಟೀನಿನಲ್ಲಿ ನಗೆಮಾತಾಗುವುದನ್ನೂ ಅವನು ನೋಡಿದ್ದ. "ನಾ ಒಳಗ ಕುಂತು ನೋಡಿದಾಂವ," ಎನ್ನುತ್ತಿದ್ದ. "ಒಮ್ಮೆ ಬರಕೊಂಡಿದ್ದನ್ನ ಯಾರೂ ಅಳಸಂಗಿಲ್ಲ. ಅಳಸೇವಿ ಅಂತ ಹೇಳತಾರ, ಅಷ್ಟ."

ನಿವೃತ್ತಿಯಾದ ಮೇಲೆ ಅವನೂ ಹೆಂಡತಿ ಶ್ರೀದೇವಿಯೂ ರಬಕವಿಗೆ ಬಂದು ನೆಲೆಸಿದರು. ಇಬ್ಬರೂ ಇಲ್ಲಿಯ ನೇಕಾರರ ಮನೆತನದವರೇ. ಮಗಳು ನೇತ್ರಾ ಮುಧೋಳದಲ್ಲಿ ಶಾಲೆಯ ಶಿಕ್ಷಕಿ, ವಾರಕ್ಕೊಮ್ಮೆ ಬಂದು ಹೋಗುವಳು. ಮಗ್ಗದ ಸದ್ದಿನಲ್ಲೇ ಬೆಳೆದ ಶ್ರೀದೇವಿಗೆ ಸುಮ್ಮನೆ ಮನೆಯಲ್ಲಿ ಕೂರುವುದು ಆಗುತ್ತಿರಲಿಲ್ಲ. ದಿನಾ ಬೆಳಗ್ಗೆ ತಿಂಡಿ ಮುಗಿಸಿ ಎರಡು ಓಣಿ ಆಚೆಗಿದ್ದ ಹಣಮಂತನ ಪವರ್‌ಲೂಮ್ ಶೆಡ್ಡಿಗೆ ಹೋಗಿ, ಅಲ್ಲಿಯ ಹೆಂಗಸರ ಜೊತೆ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತ ಮಾತಾಡಿಕೊಂಡು ಕೂರುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳು ಮಾತಿನ ನಡುವೆ ಮಗಳ ಹೆಸರು ಹುಡುಕತೊಡಗಿದಳು. ಒಂದು ದಿನ ಅನ್ನಕ್ಕೆ ಅಕ್ಕಿ ಹಾಕದೆ ಬರೀ ನೀರಿಟ್ಟಳು. ಬೆಳಗಾವಿಯ ಡಾಕ್ಟರು ಪರೀಕ್ಷೆ ಮಾಡಿ, ಇದು ಮರೆವಿನ ಕಾಯಿಲೆ, ನಿಧಾನಕ್ಕೆ ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ ಎಂದರು. ಬಸ್ಸಿನಲ್ಲಿ ಬರುವಾಗ ಯರಗಟ್ಟಿ ದಾಟಿದ ಮೇಲೆ ಶ್ರೀದೇವಿ ಮೆಲ್ಲಗೆ ಕೇಳಿಕೊಂಡಳು: "ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ಗೊತ್ತಾತು ಅಂದ್ರ ಮಂದಿ ನನ್ನ ಕೂಡ ಮಾತಾಡೂ ರೀತಿನ ಬ್ಯಾರೆ ಆಗತೈತಿ."

"ಹೇಳಂಗಿಲ್ಲ," ಎಂದ ಪ್ರಭುಲಿಂಗ.

ಮಗಳಿಗಷ್ಟೇ ಗೊತ್ತಿತ್ತು. ಅವಳು ಒಂದು ಸಲ ಕೈಗೆ ಕಟ್ಟುವ ಗಡಿಯಾರ ತಂದಳು. ಅದನ್ನು ಕಟ್ಟಿಕೊಂಡವರು ಎಲ್ಲಿದ್ದಾರೆಂದು ಫೋನಿನಲ್ಲಿ ಕಾಣುತ್ತಿತ್ತು. ಪ್ರಭುಲಿಂಗ ಅದನ್ನು ಪೆಟ್ಟಿಗೆಯಿಂದ ತೆಗೆಯಲೂ ಬಿಡಲಿಲ್ಲ. "ಅಕಿ ಎಲ್ಲಿ ಹ್ವಾದ್ಲು, ಎಷ್ಟೊತ್ತು ನಿಂತ್ಲು ಅನ್ನೂದು ಯಾವುದೋ ಕಂಪನಿಗೆ ಯಾಕ ಬೇಕು? ನಿಮ್ಮವ್ವ ಏನ ದನ ಏನ, ಕೊರಳಿಗೆ ಗಂಟಿ ಕಟ್ಟಾಕ?" ನೇತ್ರಾ ಗಡಿಯಾರವನ್ನು ಚೀಲದಲ್ಲಿ ಹಾಕಿಕೊಂಡು ಹೋದಳು.

ಕಳೆದ ಆಗಸ್ಟಿನ ಒಂದು ಗುರುವಾರ ಹನ್ನೆರಡು ಗಂಟೆಯ ಹೊತ್ತಿಗೆ ಹಣಮಂತನ ಹೆಂಡತಿ ತಾರವ್ವ ಬಾಗಿಲಿಗೆ ಬಂದು, "ಶ್ರೀದೇವಕ್ಕಾರಿಗೆ ಆರಾಮ ಇಲ್ಲೇನ್ರಿ? ಇವತ್ತ ಬರಲಿಲ್ಲಲ್ಲ," ಎಂದಳು. ಶ್ರೀದೇವಿ ಮನೆ ಬಿಟ್ಟು ಆಗಲೇ ಎರಡೂವರೆ ತಾಸಾಗಿತ್ತು.

ಪ್ರಭುಲಿಂಗ ಚಪ್ಪಲಿ ಮೆಟ್ಟದೆ ಹೊರಬಿದ್ದ. ಹಣಮಂತ ಮೋಟರ್‌ಸೈಕಲ್ ತೆಗೆದ. ಗುಡಿ, ಸಂತೆ ಕಟ್ಟೆ, ಅವಳ ತವರಿನ ಓಣಿ, ಬನಹಟ್ಟಿಯ ಬಸ್ ಸ್ಟ್ಯಾಂಡ್ ಎಲ್ಲ ತಿರುಗಿದರು. ಎಲ್ಲೂ ಇಲ್ಲ. ಕೊನೆಗೆ ಹೊಳೆ ದಂಡೆಗೆ ಹೋದರು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರಿಂದ ಕೃಷ್ಣೆ ಕೆಂಪಾಗಿ, ದಂಡೆಯ ಜಾಲಿಗಿಡಗಳನ್ನು ಅರ್ಧ ಮುಳುಗಿಸಿಕೊಂಡು ಹರಿಯುತ್ತಿತ್ತು. ಎಮ್ಮೆ ಮೈ ತೊಳೆಯುತ್ತಿದ್ದ ಹೊಳೆಪ್ಪ ಎಂಬ ಮುದುಕ, "ಹತ್ತರ ಸುಮಾರಿಗೆ ಒಬ್ಬಾಕಿ ಹೆಣ್ಮಗಳು ಇಲ್ಲಿ ನಿಂತಿದ್ಲು ನೋಡ್ರಿ. ಆಮ್ಯಾಲೆ ನಾ ನೋಡಲಿಲ್ಲ," ಎಂದ. ಸೀರೆಯ ಬಣ್ಣ ಕೇಳಿದರೆ ಅವನಿಗೆ ನೆನಪಿಲ್ಲ. ಪ್ರಭುಲಿಂಗ ಆ ಕೆಂಪು ನೀರನ್ನು ನೋಡುತ್ತ ನಿಂತವನು ಹಾಗೇ ಕೆಸರಿನಲ್ಲಿ ಕುಕ್ಕರಿಸಿಬಿಟ್ಟ.

ಮನೆಗೆ ಬಂದಾಗ ನೇತ್ರಾ ಮುಧೋಳದಿಂದ ಬಂದಿದ್ದಳು. ಪೊಲೀಸರಿಗೆ ತಿಳಿಸಿಯಾಗಿತ್ತು. "ಅಪ್ಪಾ, ಹಣಮಂತಣ್ಣನ ವಾಟ್ಸಾಪ್ ಗ್ರೂಪಿನ್ಯಾಗ ಹಾಕೂಣು," ಎಂದಳು. ಫೋನಿನಲ್ಲಿ ತಪ್ಪು ಅಕ್ಷರ ಒತ್ತಿ, ಅಳಿಸಿ, ಮತ್ತೆ ತಪ್ಪೇ ಒತ್ತುತ್ತಿದ್ದಳು. ಪ್ರಭುಲಿಂಗ ಫೋನ್ ಇಸಿದುಕೊಂಡು ತಾನೇ ಬರೆದ. ಹೆಸರು, ವಯಸ್ಸು ಅರವತ್ತೊಂದು, ಓಣಿ, ಮನೆ ನಂಬರ್, ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ, ಹಸಿರು ಸೀರೆ, ಕೊನೆಗೆ ತನ್ನ ಫೋನ್ ನಂಬರ್. ಅಷ್ಟು ಬರೆದು ನಿಲ್ಲಿಸಿದ.

"ಕಾಯಿಲೆದೂ ಹಾಕ ಅಪ್ಪಾ. ಇಲ್ಲಂದ್ರ ಅವ್ವ, ನಾ ಮನಿಗೇ ಹೊಂಟೇನಿ ಅಂತ ಹೇಳಿದ್ರ ಮಂದಿ ಬಿಟ್ಟ ಬಿಡತಾರ."

ಮಗಳ ಮಾತು ಸರಿಯಾಗಿತ್ತು. 'ಇವರಿಗೆ ಮರೆವಿನ ಕಾಯಿಲೆ ಇದೆ. ದಯವಿಟ್ಟು ಎಲ್ಲರಿಗೂ ಕಳಿಸಿ,' ಎಂದು ಬರೆದು, ಅವಳ ಫೋಟೊ ಜೋಡಿಸಿ ಕಳಿಸಿದ. ಆ ಮಾತುಗಳನ್ನು ಬರೆದ ಬೆರಳುಗಳು ತನ್ನವೇ ಎಂಬುದು ಆಗ ಅವನ ತಲೆಗೆ ಬರಲೇ ಇಲ್ಲ.

ಒಂದೂವರೆ ತಾಸಿನಲ್ಲಿ ಫೋನ್ ಬಂತು. ಲೋಕಾಪುರದ ಬಸ್ ಸ್ಟ್ಯಾಂಡಿನಿಂದ ಹಣ್ಣು ಮಾರುವ ಹಣಮವ್ವ ಎಂಬಾಕೆ. "ನಿಮ್ಮವರು ಯಾವುದೋ ಬಸ್ಸಿನಿಂದ ಇಳದಾರ, ನನ್ನ ಕಡೆ ಅದಾರ್ರಿ. ಬಾಳೆಹಣ್ಣು ಕೊಟ್ಟೇನಿ, ತಿನ್ನಾಕತ್ತಾರ. ಗಡಬಡಿ ಮಾಡಬ್ಯಾಡ್ರಿ, ಸಾವಕಾಶ ಬರ್ರಿ." ಪ್ರಭುಲಿಂಗ ಫೋನನ್ನು ಮಗಳ ಕೈಗೆ ಕೊಟ್ಟು ಗೋಡೆಗೆ ಆತು ನಿಂತ.

ಹಣಮಂತ ಹೊಂದಿಸಿದ ಕಾರಿನಲ್ಲಿ ಲೋಕಾಪುರ ಮುಟ್ಟಿದಾಗ ಹಣ್ಣಿನ ಗಾಡಿಯ ಸುತ್ತ ಮೂವತ್ತು ಮಂದಿ ನೆರೆದಿದ್ದರು. ನಡುವೆ ಶ್ರೀದೇವಿ ಡಬ್ಬಿಯೊಂದರ ಮೇಲೆ ಕುಳಿತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವಳ ಮುಖದ ಮುಂದೆ ಏಳೆಂಟು ಫೋನ್‌ಗಳು. ಒಬ್ಬ, "ಅವ್ವಾರ, ನಿಮ್ಮ ಹೆಸರು ಹೇಳ್ರಿ, ಇನ್ನೊಮ್ಮೆ ಹೇಳ್ರಿ," ಎನ್ನುತ್ತಿದ್ದ. ಹಣಮವ್ವ ಅವರನ್ನು ಬೈದು ಬೈದು ಸೋತಿದ್ದಳು. ಪ್ರಭುಲಿಂಗ ಅವಳಿಗೆ ಕೈ ಮುಗಿದ. ಫೋನ್ ಹಿಡಿದವರಿಗೂ ಮುಗಿದ, ನಿಲ್ಲಿಸಿರೆಂದು. ಅವರು ಅದನ್ನೂ ವಿಡಿಯೊ ಮಾಡಿಕೊಂಡರು.

ಮರುದಿನ ಬೆಳಗ್ಗೆ ಅವನು ಹಣಮಂತನ ಹತ್ತಿರ ಹೋಗಿ, "ಸಿಕ್ಕಾಳಲ್ಲ, ಆ ಮೆಸೇಜ್ ತಗಿ," ಎಂದ.

"ನನ್ನ ಗ್ರೂಪಿನ್ಯಾಗಿಂದು ಆಗ್ಲೇ ತಗದೇನ್ರಿ. ಮಂದಿ ಮುಂದ ಮುಂದ ಕಳಿಸಿದ್ದು ನನ್ನ ಕೈಯಾಗ ಎಲ್ಲೈತ್ರಿ? ಜಮಖಂಡಿ, ಬೀಳಗಿ, ಎಲ್ಲಾ ಕಡೆ ಹೋಗೇತಿ. ನೀವ ಕಂಪ್ಯೂಟರ್ ಮಾಡಿದವರು, ನಿಮಗ ಅಳಸಾಕ ಬರತಿರಬೇಕಲ್ಲ?"

ಅವನು ಹಾಸ್ಯಕ್ಕೆ ಕೇಳಿರಲಿಲ್ಲ, ನಿಜವಾಗಿ ನಂಬಿ ಕೇಳಿದ್ದ. ಪ್ರಭುಲಿಂಗ ಮನೆಗೆ ಬಂದ. ಮಗಳ ಫೋನ್ ಹಿಡಿದು ಕುಳಿತು, ಆ ಮೆಸೇಜ್ ಹಾಕಿದ್ದ ಫೇಸ್‌ಬುಕ್ಕಿನ ಒಂದೊಂದು ಪುಟಕ್ಕೂ ಬರೆದ: ಇವರು ಸಿಕ್ಕಿದ್ದಾರೆ, ದಯವಿಟ್ಟು ತೆಗೆಯಿರಿ. ಇಬ್ಬರು ತೆಗೆದರು. ಒಬ್ಬ ತೆಗೆಯುವ ಬದಲು ಲೋಕಾಪುರದ ವಿಡಿಯೊಗೆ ಅಳುವ ರಾಗ ಕೂಡಿಸಿ, ಇದು ಹೆತ್ತವರನ್ನು ಬೀದಿಗೆ ಬಿಟ್ಟ ಮಕ್ಕಳ ಕತೆ ಎಂದು ಬರೆದು ಹಾಕಿದ. ಅದನ್ನು ನೋಡಿದವರು ನಾಲ್ಕು ಲಕ್ಷ. ನೇತ್ರಾ ಆ ದಿನ ಶಾಲೆಗೆ ಹೋಗಲಿಲ್ಲ.

ಫೋನ್ ಬರುವುದು ನಿಲ್ಲಲಿಲ್ಲ. ತುಬಚಿಯಿಂದ ಒಬ್ಬ ರೈತ, ಕಲಬುರಗಿಯಿಂದ ಒಬ್ಬ ಕಂಡಕ್ಟರ್, ಮಿರಜದಿಂದ ಮರಾಠಿ ಮಾತಾಡುವ ಒಬ್ಬ ನರ್ಸ್. "ನಿಮ್ಮ ಮನಿಯವರಂಗ ಒಬ್ಬರು ಇಲ್ಲಿ ಅದಾರ್ರಿ." ಎಲ್ಲರೂ ಒಳ್ಳೆಯವರೇ, ಕೆಲಸ ಬಿಟ್ಟು ಫೋನ್ ಹಚ್ಚಿದವರು. ಯಾರನ್ನು ಬೈಯುವುದು? ಅವನು ಪ್ರತಿಯೊಬ್ಬರಿಗೂ, "ಸಿಕ್ಕಾರ್ರಿ, ಮನ್ಯಾಗ ಅದಾರ. ನಿಮಗ ಭಾಳ ಉಪಕಾರ ಆತು," ಎನ್ನುತ್ತಿದ್ದ. ನಂಬರ್ ಬದಲಿಸಬಹುದಿತ್ತು. ಆದರೆ ಶ್ರೀದೇವಿ ಮತ್ತೊಮ್ಮೆ ಎಲ್ಲಾದರೂ ಹೋದರೆ, ಅವಳನ್ನು ಕಂಡವರ ಫೋನಿನಲ್ಲಿ ಇರುವುದು ಈ ನಂಬರೇ. ಹಾಗಾಗಿ ಕುಕ್ಕರಿಗೂ ಕೊಡದಿದ್ದ ಆ ನಂಬರನ್ನು ಈಗ ಹಗಲು ರಾತ್ರಿ ಎದೆಯ ಮೇಲಿಟ್ಟುಕೊಂಡಿರಬೇಕಾಯಿತು. ನೇತ್ರಾ ಗಡಿಯಾರವನ್ನು ಮತ್ತೆ ತಂದಳು. ಅವನೇ ಹೆಂಡತಿಯ ಕೈಗೆ ಕಟ್ಟಿದ.

ಶ್ರೀದೇವಿ ಎರಡು ವಾರ ಬಿಟ್ಟು ಶೆಡ್ಡಿಗೆ ಹೋದಳು. ಅರ್ಧ ತಾಸಿಗೇ ತಿರುಗಿ ಬಂದಳು.

"ಯಾಕ, ಲಗೂನ ಬಂದಿ?"

"ತಾರವ್ವ ನನ್ನ ಕೈಯಾಗಿಂದು ಕಂಡಿಕಿ ಇಸಗೊಂಡ್ಲು. ನೀವ ಸುಮ್ಮ ಕುಂದರ್ರಿ, ನಿಮಗ ನೆನಪ ಇರಂಗಿಲ್ಲ ಅಂತ ಅಂದ್ಲು." ಚಪ್ಪಲಿ ಕಳಚುತ್ತ ಕೇಳಿದಳು: "ಅಕಿಗೆ ಯಾರ ಹೇಳಿದ್ರು?"

"ನಾನ ಹೇಳಿದೆ," ಎಂದ ಪ್ರಭುಲಿಂಗ. ಸುಳ್ಳು ಹೇಳಿದ್ದರೆ ಸಂಜೆಯೊಳಗೆ ಅವಳು ಮರೆತುಬಿಡುತ್ತಿದ್ದಳು. ಅದು ಗೊತ್ತಿದ್ದರಿಂದಲೇ ಅವನಿಗೆ ಸುಳ್ಳು ಹೇಳಲಾಗಲಿಲ್ಲ. ಶ್ರೀದೇವಿ ಅವನನ್ನು ನೋಡಿದಳು. ಒಳಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದಳು. ಶೆಡ್ಡಿನ ಕಡೆ ಆಮೇಲೆ ಹೋಗಲಿಲ್ಲ.

ಅಕ್ಟೋಬರಿನಲ್ಲಿ ಅವಳ ಕನ್ನಡಕ ಮಾಡಿಸಲು ಇಬ್ಬರೂ ಜಮಖಂಡಿಗೆ ಹೋದರು. ಬಸ್ ಸ್ಟ್ಯಾಂಡಿನಲ್ಲಿ ಕುಳಿತಿದ್ದಾಗ ಇಬ್ಬರು ತರುಣರು ಫೋನ್ ನೋಡುವುದು, ಶ್ರೀದೇವಿಯನ್ನು ನೋಡುವುದು ಮಾಡುತ್ತಿದ್ದರು. ಒಬ್ಬ ಹತ್ತಿರ ಬಂದ.

"ಅಜ್ಜಾರ, ಇವರನ್ನ ಎಲ್ಲಿ ಕರಕೊಂಡು ಹೊಂಟೀರಿ?"

"ನನ್ನ ಹೆಂಡತಿಯಪಾ ಇಕಿ. ಸಿಕ್ಕು ಎರಡು ತಿಂಗಳಾತು. ಆ ಮೆಸೇಜ್ ಹಳೇದು."

"ಹಂಗ ಎಲ್ಲಾರೂ ಅಂತಾರ್ರಿ. ಸಿಟ್ಟಾಗಬ್ಯಾಡ್ರಿ, ಅವರನ್ನ ಕೇಳತೇವಿ." ಅವನು ಶ್ರೀದೇವಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಮೆಲ್ಲಗೆ ಕೇಳಿದ: "ಅವ್ವಾರ, ಇವರು ನಿಮಗ ಏನಾಗಬೇಕು?"

ಸುತ್ತ ಆಗಲೇ ಹತ್ತು ಮಂದಿ ನಿಂತಿದ್ದರು. ಶ್ರೀದೇವಿ ಗಾಬರಿಯಾದಳು. ಪ್ರಭುಲಿಂಗನ ಮುಖವನ್ನು ಬಹಳ ಹೊತ್ತು ನೋಡಿದಳು.

"ಕಂಪ್ಯೂಟರಿನವರು," ಎಂದಳು ಕೊನೆಗೆ.

ಯಾರೋ ಹಿಂದಿನಿಂದ ಪೊಲೀಸರಿಗೆ ಫೋನ್ ಮಾಡಿ ಎಂದರು. ಪ್ರಭುಲಿಂಗ ಚೀಲ ತೆರೆದು ಇಬ್ಬರ ಆಧಾರ್ ಕಾರ್ಡುಗಳನ್ನು ತೆಗೆದು ಕೊಟ್ಟ. ನೇತ್ರಾಗೆ ಫೋನ್ ಹಚ್ಚಿ ಅವಳಿಂದ ಹೇಳಿಸಿದ. ತರುಣರಿಗೆ ಸಮಾಧಾನವಾಯಿತು, ತಪ್ಪಾಯಿತು ಎಂದು ಕಾಲು ಮುಟ್ಟಿದರು. ಆದರೆ ಕಾರ್ಡು ತಿರುಗಿ ಕೊಡುವ ಮುಂಚೆ ಒಬ್ಬ ಎರಡರದೂ ಫೋಟೊ ತೆಗೆದುಕೊಂಡ. "ನಾಳೆ ಏನರ ಹೆಚ್ಚುಕಡಿಮಿ ಆದ್ರ ನಮ್ಮ ಕಡೆ ಇರಲಿರಿ."

ಬೇಡ ಎನ್ನಬೇಕೆಂದು ಪ್ರಭುಲಿಂಗ ಬಾಯಿ ತೆರೆದ. ಬೇಡ ಎಂದರೆ ಮತ್ತೆ ಸಂಶಯ ಹುಟ್ಟುತ್ತದೆ. "ಇರಲಿ," ಎಂದ. ಕನ್ನಡಕ ಮಾಡಿಸದೇ, ಮೊದಲು ಸಿಕ್ಕ ಬಸ್ಸು ಹತ್ತಿ ಹಿಂದಿರುಗಿದರು. ದಾರಿಯುದ್ದಕ್ಕೂ ಶ್ರೀದೇವಿ ಅವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಊರು ಹತ್ತಿರ ಬಂದಾಗ, "ಆ ಮಂದಿ ನಿಮಗ ಏನ ಮಾಡಾಕತ್ತಿದ್ರು?" ಎಂದು ಕೇಳಿದಳು.

ಈಗ ಅವಳು ಹೊಸ್ತಿಲು ದಾಟುವುದಿಲ್ಲ. ಗಡಿಯಾರ ದಿನವಿಡೀ ಒಂದೇ ಜಾಗ ತೋರಿಸುತ್ತದೆ.

ಮೊನ್ನೆ ಮಧ್ಯಾಹ್ನ ಇಬ್ಬರೂ ಊಟ ಮಾಡುತ್ತಿದ್ದಾಗ ಫೋನ್ ಬಂತು. ಬೀಳಗಿ ಕಡೆಯ ರಸ್ತೆಯಿಂದ ಒಬ್ಬ ಹೆಣ್ಣುಮಗಳು. "ನಿಮ್ಮ ಮನಿಯವರು ಇಲ್ಲಿ ಬಸ್ ಸ್ಟಾಪಿನ್ಯಾಗ ಕುಂತಾರ್ರಿ. ಹೆಸರು ಕೇಳಿದ್ರ ಹೇಳವಲ್ರು."

"ನಮ್ಮವರು ಮನ್ಯಾಗ ಅದಾರವಾ," ಎಂದವನು ತಟ್ಟನೆ ತಡೆದು ಕೇಳಿದ, "ಹಂಗಾರ ಅವರು ಯಾರು?"

"ನನಗೇನ ಗೊತ್ರಿ. ವಯಸ್ಸಾಗೇತಿ, ಕಾಲಾಗ ಚಪ್ಪಲಿ ಇಲ್ಲ. ಅಳಾಕತ್ತಾರ."

"ಸ್ವಲ್ಪ ಅಲ್ಲೇ ಇರವಾ. ಅವರಿಗೆ ನೀರು ಕೊಡು. ನಾ ಪೊಲೀಸರಿಗೆ ಫೋನ್ ಮಾಡತೇನಿ. ಯಾವ ಸ್ಟಾಪು ಅದು?"

"ನನ್ನ ಬಸ್ ಬಂತ್ರಿ. ನಿಮ್ಮವರಲ್ಲ ಅಂದ್ರ ಬಿಡ್ರಿ," ಎಂದು ಅವಳು ಫೋನ್ ಇಟ್ಟಳು.

ಅವನು ಮತ್ತೆ ಹಚ್ಚಿದ. ಬಸ್ಸಿನ ಗದ್ದಲದಲ್ಲಿ ಕೇಳಿಸಲಿಲ್ಲವೋ ಏನೋ, ಎತ್ತಲಿಲ್ಲ. ಪೊಲೀಸರಿಗೆ ಹೇಳಿದ. ಯಾವ ಜಾಗ ಎಂದು ಅವರು ಕೇಳಿದರು, ಬೀಳಗಿ ಕಡೆಯ ರಸ್ತೆ ಎಂದಷ್ಟೇ ಹೇಳಿದ. ಆ ದಾರಿಯಲ್ಲಿ ಹೋಗುವ ನಮ್ಮವರಿಗೆ ನೋಡಲು ಹೇಳುತ್ತೇವೆ ಎಂದರು. ಆ ಹೆಂಗಸಿನ ಒಂದು ಫೋಟೊ ಇದ್ದಿದ್ದರೆ ಎಂದು ಅವನಿಗೆ ಅನಿಸಿತು. ಅನಿಸಿದ್ದಕ್ಕೆ ತನಗೇ ಒಂಥರಾ ಆಯಿತು.

"ಯಾರ್ರಿ ಅದು?" ಎಂದಳು ಶ್ರೀದೇವಿ.

"ಯಾರೋ ಒಬ್ಬಾಕಿ ದಾರಿ ತಪ್ಪ್ಯಾಳಂತ."

ಅವಳ ಕೈ ತಟ್ಟೆಯಲ್ಲೇ ನಿಂತಿತು. "ಪಾಪ. ಅವರ ಮನಿಯವರು ಎಷ್ಟು ಹುಡುಕಾಕತ್ತಾರೋ ಏನೋ. ನಿಮಗ ಕಂಪ್ಯೂಟರ್ ಬರತೈತಲ್ಲ, ಏನರ ಮಾಡ್ರಿ ಅವರಿಗೆ."

ಪ್ರಭುಲಿಂಗ ಎಡಗೈಯಿಂದ ಮತ್ತೆ ಅದೇ ನಂಬರ್ ಒತ್ತಿದ. ಆ ಕಡೆ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಬಲಗೈಯಲ್ಲಿ ಕಲಸಿದ ಅನ್ನ ಒಣಗತೊಡಗಿತ್ತು. ಅವನು ಕಿವಿಯಿಂದ ಫೋನ್ ತೆಗೆಯಲಿಲ್ಲ.