ಚೌಡಮ್ಮನ ಸೀರೆಗೆ ಹೊಸ ಕಂಪ್ಯೂಟರು

ಹಳೇ ಕಂಪ್ಯೂಟರಿಗೆ ಗೋಣಿ ಸುತ್ತಿ ವ್ಯಾನಿಗೆ ಏರಿಸುವಾಗ ವಿಜಯಕುಮಾರಿ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. ಅವಳಪ್ಪ ತಿರುಮಲೈಸಾಮಿ ಬಂದು ಎಂದಿನ ಮುದ್ದಿನಲ್ಲಿ, ದಾರಿ ಬಿಡು ಅಮ್ಮಿಣಿ, ಅಂಗಡಿಯವರು ಕೊಯಮತ್ತೂರು ಸೇರೋದು ಬೇಡವಾ ಅಂದರು. ಬಿಟ್ಟಳು. ಬಿಡದೆ ಏನು ಮಾಡ್ತಾಳೆ, ಚಕ್ರಕ್ಕೆ ತಲೆ ಕೊಡೋಕಾಗುತ್ತಾ? ಆದರೆ ಮೈಯೆಲ್ಲ ಉರಿದುಹೋಗ್ತಿತ್ತು. ಆಡಿ ತಿಂಗಳ ಗಾಳಿ ಧೂಳೆಬ್ಬಿಸಿ ಕಣ್ಣಿಗೆ ತುಂಬುತ್ತಿದ್ದರೂ ವ್ಯಾನು ಸೂಲೂರಿನ ದಾರಿ ಹಿಡಿಯೋವರೆಗೂ ಅವಳು ನೋಡುತ್ತಲೇ ಇದ್ದಳು.

ಅವರದು ರಟ್ಟು ಹೊಡೆಯುವ ಮನೆ. ಸೀರೆಯ ಅಂಚಿನಲ್ಲಿ ಹಂಸ ಬರಬೇಕೋ ಮಾವಿನಕಾಯಿ ಬರಬೇಕೋ, ಮಗ್ಗಕ್ಕೆ ಅದನ್ನು ಹೇಳೋದು ತೂತು ಹೊಡೆದ ರಟ್ಟು. ತೂತಿದ್ದಲ್ಲಿ ನೂಲು ಏಳುತ್ತೆ, ಇಲ್ಲದಲ್ಲಿ ಮಲಗುತ್ತೆ, ಅಷ್ಟೇ. ತಾತನ ಕಾಲದಲ್ಲಿ ಉಳಿ ಸುತ್ತಿಗೆ ಹಿಡಿದು ಕೈಯಲ್ಲೇ ಹೊಡೆಯುತ್ತಿದ್ದರು. ಈಗ ಕಂಪ್ಯೂಟರಿನ ಬೆನ್ನಿಗೊಂದು ತಂತಿ, ತಂತಿಯ ತುದಿಗೆ ಕುರಿಚಿ ಊರಿನ ಫೌಂಡ್ರಿಯಲ್ಲಿ ಮಾಡಿಸಿದ ಕಬ್ಬಿಣದ ಪಂಚ್. ಪರದೆಯ ಮೇಲೆ ಬರೆದ ಹಂಸವನ್ನು ಅದು ರಟ್ಟಿಗೆ ಇಳಿಸುತ್ತಿತ್ತು. ಆ ಪ್ರೋಗ್ರಾಮನ್ನು ಒಂದೊಂದೇ ಸಾಲು ಬರೆದವಳು ವಿಜಯಕುಮಾರಿ. ಗಣಿತದಲ್ಲಿ ಬಿ.ಎಸ್‌ಸಿ. ಮಾಡಿ, ಬಂದ ಎರಡು ಗಂಡುಗಳನ್ನೂ ಬೇಡವೆಂದು, ಆ ಡಬ್ಬದ ಮುಂದೆ ಕೂತವಳು. ಹಂಸ ಬರೆಯುವವಳೂ ಅವಳೇ. ಆದರೆ ರಟ್ಟಿನ ಕಟ್ಟಿನ ಮೇಲೆ ಶಾಯಿಯಲ್ಲಿ ಬರೆಯುತ್ತಿದ್ದದ್ದು ಮಾತ್ರ ಅವಳ ಅಣ್ಣ ಜಯರಾಮನ್‌ನ ಹೆಸರು. ಹೆಣ್ಣುಮಗಳ ಹೆಸರು ಊರೂರು ಸುತ್ತೋದು ಚೆನ್ನಾಗಿರಲ್ಲ ಅಂತ ಅಪ್ಪನ ಮಾತು. ತಾಳಿದವನು ಬಾಳಿಯಾನು ಅಂತ ಅದಕ್ಕೊಂದು ಗಾದೆ ಬೇರೆ.

ಈ ಜಯರಾಮನ್ ಕೊಯಮತ್ತೂರಿನಲ್ಲಿ ಮೆಷಿನ್ ಎಕ್ಸಿಬಿಷನ್ ನೋಡಿ ಬಂದಿದ್ದ. ಬಂದವನ ಬಾಯಲ್ಲಿ ಬೇರೆ ಮಾತೇ ಇಲ್ಲ. ಟೂ ಎಯ್ಟಿ ಸಿಕ್ಸ್ ಅನ್ನೋ ಕಂಪ್ಯೂಟರಂತೆ, ಹೊಸ ತಲೆಮಾರಂತೆ, ನಮ್ಮದು ಅದರ ಮುಂದೆ ಎತ್ತಿನ ಗಾಡಿಯಂತೆ. ಹಳೇದನ್ನು ಕೊಟ್ಟರೆ ಹೊಸದನ್ನು ತಂದಿಟ್ಟುಹೋಗ್ತಾರೆ, ದಿನಕ್ಕೆ ಎರಡರಷ್ಟು ರಟ್ಟು ಬೀಳುತ್ತೆ, ಮುಂದಿನ ಆವಣಿ ತಿಂಗಳ ಮದುವೆ ಸೀರೆಗಳನ್ನೆಲ್ಲ ನಾವೇ ಬಾಚಿಕೊಳ್ಳಬಹುದು ಅಂತ ಅಪ್ಪನ ತಲೆ ತುಂಬಿದ.

ವಿಜಯಕುಮಾರಿ ಬೇಡ ಅನ್ನಲಿಲ್ಲ. ಇದನ್ನು ನೆನಪಿಡಿ, ಆಮೇಲೆ ಎಲ್ಲರೂ ಮರೆತರು. ಹೊಸದು ಬರಲಿ, ಹಳೇದೂ ಇರಲಿ ಅಂದಳು. ಹೊಸದರಲ್ಲಿ ಬರೆಯೋಣ, ಹಳೇದರಲ್ಲಿ ಹೊಡೆಯೋಣ. ಹೊಡೆಯೋದು ನಿಧಾನ ಆಗ್ತಿರೋದು ಕಂಪ್ಯೂಟರಿನಿಂದಲ್ಲ, ಪಂಚಿನಿಂದ. ಅದು ಕಬ್ಬಿಣ, ಇಳಿದು ಏಳೋಕೆ ಅದಕ್ಕೆ ಬೇಕಾದಷ್ಟು ಹೊತ್ತು ಬೇಕೇ ಬೇಕು. ಒಂದು ಮನೆಗೆ ಎರಡು ಒಲೆ ಯಾಕೆ ಅಂತ ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದರು.

ಹೊಸದು ಬಂತು. ಅವಳು ತನ್ನ ಪ್ರೋಗ್ರಾಮನ್ನೇ ಅದಕ್ಕೆ ಹಾಕಿ, ಮುಂದೆ ಕೂತು ಒಂದು ಹಂಸ ಬರೆದಳು. ಹಳೇದರಲ್ಲಾದರೆ ಬಣ್ಣ ತುಂಬಲು ಹೇಳಿ ಒಲೆಯ ಮೇಲಿನ ಹಾಲು ನೋಡಿ ಬರಬಹುದಿತ್ತು. ಇಲ್ಲಿ ಕಣ್ಣು ಮಿಟುಕಿಸೋದರೊಳಗೆ ತುಂಬಿಹೋಯ್ತು. ಅವಳಿಗೆ ಖುಷಿಯಾಯ್ತು, ನಿಜವಾಗಿಯೂ ಆಯ್ತು. ಖುಷಿಯಾಯ್ತಲ್ಲ ಅಂತ ಸಿಟ್ಟೂ ಬಂತು. ಹಿಂದೆ ನಿಂತ ಜಯರಾಮನ್ ನೋಡಿದೆಯಾ ಅಂತ ನಕ್ಕಾಗ ಅವಳು ತಿರುಗಿಯೂ ನೋಡಲಿಲ್ಲ.

ಅವರ ಮನೆತನದಲ್ಲಿ ಒಂದು ಕಟ್ಟುಪಾಡು ಇದೆ. ಮಗ್ಗವೋ ಮೆಷಿನ್ನೋ, ಹೊಸದು ಬಂದರೆ ಅದರ ಮೊದಲ ಸೀರೆ ಕುಲದೇವತೆ ಚೌಡಮ್ಮನಿಗೆ. ಆ ಸೀರೆಯನ್ನು ಬೇರೆ ಯಾರೂ ಉಡೋ ಹಾಗಿಲ್ಲ. ಒಮ್ಮೆ ಮಗ್ಗಕ್ಕೆ ಏರಿತೋ, ನಡುವೆ ನಿಲ್ಲಿಸೋ ಹಾಗಿಲ್ಲ, ಬಿಚ್ಚೋ ಹಾಗಿಲ್ಲ, ಕತ್ತರಿಸೋ ಹಾಗೂ ಇಲ್ಲ. ನೇಯ್ದದ್ದು ನೇಯ್ದ ಹಾಗೇ ಆಡಿಯ ಕೊನೆ ಶುಕ್ರವಾರ ಅಮ್ಮನವರ ಮೈಮೇಲೆ. ಅದಕ್ಕೇ ವಿಜಯಕುಮಾರಿ ಮೊದಲು ಹಳೇ ರಟ್ಟಿನ ಮೇಲೆ ಪಂಚನ್ನು ಓಡಿಸಿ ನೋಡಿ ಆಮೇಲೆ ದೇವರ ರಟ್ಟಿಗೆ ಕೈ ಹಾಕಬೇಕು ಅಂದುಕೊಂಡಿದ್ದಳು. ರಟ್ಟು ಹೊಡೆಯಬೇಕಿದ್ದ ಬೆಳಿಗ್ಗೆಯೇ ಅವಳು ಮುಟ್ಟಾದಳು.

ತಾಯಿ ಜಾನಕಿಯಮ್ಮ ಚಾಪೆ, ತಟ್ಟೆ, ಲೋಟ ಕೊಟ್ಟು ಬಾವಿಯ ಪಕ್ಕದ ಹಿತ್ತಿಲ ಕೋಣೆ ತೋರಿಸಿದರು. ದೇವರ ರಟ್ಟಿನ ಹತ್ತಿರ ನೆರಳೂ ಬೀಳಬಾರದು. ನಾಲ್ಕು ದಿನ ತಡೆಯಿರಿ, ನಾನೇ ಹೊಡೀತೀನಿ ಅಂತ ಅವಳು ಕೇಳಿಕೊಂಡಳು. ಮುಹೂರ್ತ ಇಟ್ಟಾಗಿತ್ತು. ಒಂದು ಗುಂಡಿ ಒತ್ತೋದಕ್ಕೆ ಬಿ.ಎಸ್‌ಸಿ. ಬೇಕಾ ಅಂದ ಜಯರಾಮನ್.

ಹಿತ್ತಿಲ ಕೋಣೆಗೂ ಪಂಚಿನ ಕೋಣೆಗೂ ನಡುವೆ ಒಂದೇ ಗೋಡೆ. ಮಂಗಳಾರತಿಯ ಗಂಟೆ ಕೇಳಿತು, ಆಮೇಲೆ ಪಂಚಿನ ಸದ್ದು. ಕೇಳಿದ್ದೇ ಅವಳು ಎದ್ದು ಕೂತಳು. ಅವಳಿಗೆ ಗೊತ್ತಿದ್ದ ಸದ್ದೇ ಬೇರೆ. ಟಕ್, ಒಂದು ಉಸಿರು, ಟಕ್. ಇದರಲ್ಲಿ ಉಸಿರೇ ಇಲ್ಲ. ಟಕ್‌ಟಕ್‌ಟಕ್ ಅಂತ ಓಡುತ್ತಿದೆ, ನಡುನಡುವೆ ಪರ್ ಅಂತ ಹರಿದ ಸದ್ದು.

ಆಗ ಹೊಳೆಯಿತು. ಸುಳ್ಳು ಯಾಕೆ, ಅಲ್ಲಿಯವರೆಗೆ ಅವಳಿಗೂ ಹೊಳೆದಿರಲಿಲ್ಲ. ಪಂಚ್ ಇಳಿದ ಮೇಲೆ ಇಷ್ಟು ಎಣಿಸು, ಅಷ್ಟರಲ್ಲಿ ಅದು ಮೇಲೇಳುತ್ತೆ, ಆಮೇಲೆ ರಟ್ಟನ್ನು ಮುಂದೆ ಸರಿಸು ಅಂತ ಅವಳು ಬರೆದಿದ್ದಳು. ಹಳೇದು ನಿಧಾನವಾಗಿ ಎಣಿಸುತ್ತಿತ್ತು. ಹೊಸದು ಕಣ್ಣಾಮುಚ್ಚಾಲೆಯಲ್ಲಿ ಮೋಸ ಮಾಡೋ ಮಕ್ಕಳ ಹಾಗೆ ಗಡಗಡ ಎಣಿಸಿ ಮುಗಿಸಿಬಿಡುತ್ತಿದೆ. ಕಬ್ಬಿಣ ಏಳೋ ಮುಂಚೆ ರಟ್ಟು ಸರಿಯುತ್ತಿದೆ. ಒಂದು ತೂತು ಸೀಳುತ್ತೆ, ಇನ್ನೊಂದು ಬೀಳೋದೇ ಇಲ್ಲ.

"ಅಣ್ಣಾ, ನಿಲ್ಸು! ಪಂಚ್ ಏಳೋಕೆ ಹೊತ್ತು ಕೊಡ್ತಿಲ್ಲ ಅದು. ರಟ್ಟು ಹರೀತಿದೆ, ನಿಲ್ಸು!"

ಜಯರಾಮನ್ ಒಳಗಿಂದಲೇ, ನೀನು ಕೂತ ಕಡೆ ಕೂತಿರು ಅಂದ. ಜಾನಕಿಯಮ್ಮ ಓಡಿ ಬಂದು, ದೇವರ ಕೆಲಸ ನಡೆಯುವಾಗ ಹೊರಗಿದ್ದವರು ಹೀಗೆ ಬಾಯಿ ಮಾಡ್ತಾರಾ ಅಂತ ಗದರಿದರು. ಅವಳು ಗೋಡೆ ಗುದ್ದಿದಳು, ಗಂಟಲು ಕಟ್ಟುವವರೆಗೂ ಕೂಗಿದಳು. ಪಂಚ್ ಸಂಜೆಯವರೆಗೂ ಓಡಿತು.

ಸೀಳಿದ್ದು ನೂರಾರು ತೂತುಗಳ ನಡುವೆ ಯಾರ ಕಣ್ಣಿಗೂ ಬೀಳಲಿಲ್ಲ. ಕಂಡದ್ದು ಮಗ್ಗದ ಮೇಲೆ. ನೇಕಾರ ಸೆಲ್ಲಪ್ಪನ್ ಗೇಣುದ್ದ ನೇಯ್ದು, ಹಂಸಕ್ಕೆ ಕತ್ತು ಬರ್ತಿಲ್ಲವಲ್ಲ ಅಂತ ಹೇಳಿದನಂತೆ. ಅಮ್ಮನವರ ಸೀರೆ ಹಿಡಿದಾಗಿದೆ, ಇನ್ನು ನಿಲ್ಲಿಸೋ ಹಾಗಿಲ್ಲ, ಆ ತಾಯಿಯ ಇಷ್ಟ ಅಂದರಂತೆ ತಿರುಮಲೈಸಾಮಿ.

ಶುಕ್ರವಾರ ವಿಜಯಕುಮಾರಿ ತಲೆಗೆ ನೀರು ಹಾಕಿಕೊಂಡು ಗುಡಿಗೆ ಹೋದಳು. ಕುಲದವರೆಲ್ಲ ಸೇರಿದ್ದರು. ಪೂಜಾರಿ ತೆರೆ ಸರಿಸಿದರು. ಚೌಡಮ್ಮನ ಹೆಗಲಿನಿಂದ ಪಾದದವರೆಗೆ ಸಾಲು ಹಂಸ, ಒಂದಕ್ಕೂ ಕತ್ತಿಲ್ಲ. ಮೈ ಇಲ್ಲಿ, ಕೊಕ್ಕು ಅಲ್ಲಿ. ಯಾರೋ ಹಿರಿಯರು ಇದೇನು ತಿರುಮಲೈಸಾಮಿ ಅಂದರು. ಅಪ್ಪ ಕೈಮುಗಿದುಕೊಂಡು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು.

"ತಪ್ಪಾಯ್ತು. ನನ್ನ ಮಗಳು ವಿಜಯಕುಮಾರಿ ಹೊರಗಿದ್ದಳು. ದೇವರ ರಟ್ಟು ಹೊಡೆಯೋವಾಗ ಕೂಗಾಡಿಬಿಟ್ಟಳು. ಆ ದೋಷ ಇದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಇಷ್ಟು ವರ್ಷ ಆ ಗುಡಿಗೆ ಬಂದ ಚೆಂದದ ಸೀರೆಗಳಿಗೆಲ್ಲ ಜಯರಾಮನ್‌ನ ಹೆಸರು. ಕತ್ತಿಲ್ಲದ ಹಂಸಕ್ಕೆ ಅವಳ ಹೆಸರು. ಹೆಣ್ಣುಮಗಳ ಹೆಸರು ಈಗ ಊರೂರು ಸುತ್ತಬಹುದಾಯ್ತು. ವಿಜಯಕುಮಾರಿಗೆ ಅಳು ಬರಲಿಲ್ಲ. ಎದೆಯೊಳಗೆ ಕುದಿಯುತ್ತಿದ್ದದ್ದು ಅಳುವಾಗೋ ಜಾತಿಯದ್ದಲ್ಲ. ಮಂಗಳಾರತಿಗೂ ನಿಲ್ಲದೆ ಮನೆಗೆ ಬಂದಳು.

ಎಲ್ಲರೂ ಬರುವಷ್ಟರಲ್ಲಿ ಅವಳು ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿಯಾಗಿತ್ತು. ಪಂಚ್ ಏಳುವವರೆಗೆ ಎಷ್ಟು ಎಣಿಸಿ ಕಾಯಲಿ ಅಂತ ಈಗ ಕಂಪ್ಯೂಟರೇ ಕೇಳುತ್ತಿತ್ತು. ಅಪ್ಪನನ್ನೂ ಅಣ್ಣನನ್ನೂ ಮುಂದೆ ನಿಲ್ಲಿಸಿಕೊಂಡು ಮೊದಲು ಚೌಡಮ್ಮನ ರಟ್ಟಿನ ಲೆಕ್ಕವನ್ನೇ ಕೊಟ್ಟಳು. ಪರ್ ಅಂತ ಹರಿಯಿತು. ಆಮೇಲೆ ಲೆಕ್ಕ ಹೆಚ್ಚಿಸಿದಳು. ಟಕ್, ಒಂದು ಉಸಿರು, ಟಕ್. ರಟ್ಟನ್ನು ಬೆಳಕಿಗೆ ಹಿಡಿದು ತೋರಿಸಿದಳು. ಒಂದೊಂದು ತೂತೂ ದುಂಡಗೆ ಬಿದ್ದಿತ್ತು.

ಜಾನಕಿಯಮ್ಮ ಪಾಪ, ತಿಳಿಯದೆ ಕೇಳಿದರು, ಹಳೇದು ಹೊಡೀತಿದ್ದ ಹಾಗೇ ಹೊಡೀತಿದೆಯಲ್ಲ, ಮತ್ತೆ ಹೊಸದು ಯಾಕೆ ತಂದ್ರಿ ಅಂತ.

ತಿರುಮಲೈಸಾಮಿ ಗಂಟಲು ಸರಿಮಾಡಿಕೊಂಡು, ಸರಿಹೋಯ್ತಲ್ಲ ಅಮ್ಮಿಣಿ, ಆದದ್ದಾಯ್ತು, ಆವಣಿಯ ಸೀರೆಗಳ ರಟ್ಟು ಶುರು ಮಾಡು ಅಂದರು. ಆದದ್ದಾಯ್ತಂತೆ!

ಅವಳು ಎದ್ದು ನಿಂತಳು. "ಯಾವ ಬಾಯಲ್ಲಿ ಗುಡಿಯಲ್ಲಿ ನನ್ನ ಹೆಸರು ಹೇಳಿದ್ರೋ, ಅದೇ ಬಾಯಲ್ಲಿ, ಅದೇ ಜನರ ಮುಂದೆ, ತಪ್ಪು ನನ್ನದಲ್ಲ ಅಂತ ಹೇಳಿ ಅಪ್ಪಾ. ಇಷ್ಟು ವರ್ಷದ ಸೀರೆಗಳೂ ನನ್ನವು ಅಂತ ಹೇಳಿ. ಅಲ್ಲಿವರೆಗೆ ನಾನು ಹೊರಗೇ."

ಅಪ್ಪನ ಮುಖ ಕಪ್ಪಾಯಿತು. ಕುಲದವರ ಮುಂದೆ ಮಾತು ಹಿಂದಕ್ಕೆ ತೊಗೊಳ್ಳೋದಾ, ಅದೂ ಮಗಳಿಗೋಸ್ಕರ? ಜಯರಾಮನ್ ನಕ್ಕ. ಹೋಗಲಿ ಬಿಡಿಯಪ್ಪ, ಎಲ್ಲಿ ಏನು ಹಾಕಬೇಕು ಅಂತ ನೋಡಿಕೊಂಡೆನಲ್ಲ, ಇನ್ನು ಅವಳ ಹಂಗೇನು ಅಂದ.

ವಿಜಯಕುಮಾರಿ ಹಿತ್ತಿಲ ಕೋಣೆಗೆ ಹೋಗಿ ಅದೇ ಚಾಪೆ ಬಿಡಿಸಿ ಕೂತಳು. ಈ ಸಲ ಯಾರೂ ಕೂರಿಸಿದ್ದಲ್ಲ. ಮೊರದಲ್ಲಿ ಕಡಲೆಕಾಯಿ ಇಟ್ಟುಕೊಂಡು ಬಿಡಿಸತೊಡಗಿದಳು. ಒಳಗೆ ಪಂಚ್ ಸರಿಯಾಗಿಯೇ ಓಡುತ್ತಿತ್ತು. ಮರುದಿನವೂ ಓಡಿತು. ಆದರೆ ಎರಡರಷ್ಟು ರಟ್ಟು ಅಂತ ಅಪ್ಪನಿಗೆ ಮಾತು ಕೊಟ್ಟವನಿಗೆ ಹಳೇ ಎತ್ತಿನ ಗಾಡಿಯ ಸದ್ದು ಎಷ್ಟು ಹೊತ್ತು ಸಹಿಸೋಕಾಗುತ್ತೆ? ಮೂರನೇ ದಿನ ಮಧ್ಯಾಹ್ನ ಸದ್ದು ನಿಂತಿತು. ಜಯರಾಮನ್ ಏನೋ ಒತ್ತಿದ. ಮತ್ತೆ ಶುರುವಾದಾಗ ಉಸಿರು ಗಿಡ್ಡವಾಗಿತ್ತು. ಇನ್ನೊಮ್ಮೆ ನಿಂತಿತು, ಇನ್ನೂ ಗಿಡ್ಡವಾಯಿತು. ಆಮೇಲೆ ಪರ್ ಅಂತ ಕೇಳಿಸಿತು.

ಗೋಡೆ ಅಲ್ಲೇ ಇತ್ತು. ಗುದ್ದಲು ಕೈ ಇತ್ತು, ಗಂಟಲೂ ಸರಿಹೋಗಿತ್ತು. ಅವಳು ಕೂಗಲಿಲ್ಲ.

ಸಂಜೆ ತಿರುಮಲೈಸಾಮಿ ಒಂದು ರಟ್ಟು ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಬಂದರು. ಹೊಸ್ತಿಲ ಮೇಲೆ ನಿಂತು ಸೀಳಿದ ತೂತುಗಳನ್ನು ಬೆರಳಲ್ಲಿ ಸವರುತ್ತಿದ್ದರು.

"ನಿನಗೆ ಕೇಳಿಸಲಿಲ್ಲವಾ ಅಮ್ಮಿಣಿ?"

"ಮಧ್ಯಾಹ್ನದಿಂದ ಕೇಳಿಸ್ತಿದೆ," ಅಂದು ವಿಜಯಕುಮಾರಿ ಇನ್ನೊಂದು ಕಡಲೆಕಾಯಿ ಸುಲಿದಳು.